ಇಳಿಯುವುದಕ್ಕೆ ಅರ್ಧ ಬೆಲೆ

ಹೇಳಿದ ಬೆಲೆಯನ್ನೇ ಕೊಟ್ಟು ನಾನು ಕೊಂಡಿರುವ ವಸ್ತು ಈ ಲೋಕದಲ್ಲಿ ಒಂದೇ, ಬಸ್ ಟಿಕೆಟ್. ಅದರಲ್ಲೂ ಒಮ್ಮೆ, ಮಾರತ್ತಹಳ್ಳಿಯಿಂದ ಕಾಡುಗೋಡಿಯವರೆಗೆ ನಿಂತು ಬಂದವನಿಗೂ ಕೂತು ಬಂದವನಿಗೂ ಒಂದೇ ದರವೆಂದರೆ ಯಾವ ನ್ಯಾಯ ಎಂದು ಕಂಡಕ್ಟರನನ್ನು ಕೇಳಿ ನೋಡಿದ್ದೇನೆ. ಅವನು ನನ್ನ ಮುಖವನ್ನೂ ನೋಡದೆ "ಮುಂದೆ ಹೋಗಿ ಸಾರ್" ಅಂದ. ಅಷ್ಟು ಗಟ್ಟಿ ಮನುಷ್ಯರು ಈಗ ಕಡಿಮೆ.

ಪೀಣ್ಯದ ಒಂದು ಶೆಡ್ಡಿನಲ್ಲಿ ಬೇರೆಯವರ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತು ಶುರುಮಾಡಿ, ಆಮೇಲೆ ಆ ಲೇತನ್ನೇ ಚೌಕಾಸಿ ಮಾಡಿ ಕೊಂಡು, ಈಗ ವರ್ತೂರಿನ ಅಪಾರ್ಟ್‌ಮೆಂಟಿನಲ್ಲಿ ಕಾಲು ಚಾಚಿ ಕೂತಿರುವವನು ನಾನು. ಮೇಲೆ ಬಂದದ್ದು ದುಡಿಮೆಯಿಂದಲೋ ಚೌಕಾಸಿಯಿಂದಲೋ ಎಂದು ಕೇಳಿದರೆ ದುಡಿಮೆಯಿಂದ ಎನ್ನುತ್ತೇನೆ. ಸ್ವಲ್ಪ ಒತ್ತಾಯ ಮಾಡಿದರೆ ಇಳಿಯುತ್ತೇನೆ. ನೀವು ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ: ಅಂಗಡಿಗೆ ಹೋಗುವಾಗ ಊಟ ಮಾಡಿಕೊಂಡು ಹೋಗಿ. ಹಸಿದವನು ಬೇಗ ಒಪ್ಪುತ್ತಾನೆ.

ಇಂಥ ನನ್ನ ಮಗಳು ನಂದಿನಿಗೆ ಮದುವೆ ಗೊತ್ತಾಯಿತು. ಹುಡುಗ ವೀರೇಶ, ದಾವಣಗೆರೆಯವನು, ವೈಟ್‌ಫೀಲ್ಡಿನಲ್ಲಿ ಕೆಲಸ. ಮೃದು ಸ್ವಭಾವ, ಎಳನೀರಿನವನು ಹೇಳಿದ್ದನ್ನು ಹಾಗೇ ಕೊಟ್ಟುಬಿಡುವಷ್ಟು ಮೃದು. ಈಗ ಮದುವೆಗೆ ಮುಂಚೆ ಹುಡುಗ ಹುಡುಗಿ ಎಲ್ಲಾದರೂ ಹೋಗಿ ಫೋಟೋ ತೆಗೆಸಿಕೊಳ್ಳುವ ಶಾಸ್ತ್ರವೊಂದು ಹುಟ್ಟಿದೆಯಲ್ಲ, ಅದಕ್ಕೆ ನಂದಿನಿ ಆರಿಸಿಕೊಂಡದ್ದು ಮರಳುಗಾಡಿನ ಕಣಿವೆ. ಎರಡು ಬದಿಗೆ ಕೆಂಪು ಬಂಡೆಯ ಗೋಡೆ, ನಡುವೆ ಧೂಳೆಬ್ಬಿಸಿಕೊಂಡು ಬರುವ ಫೋರ್ ವೀಲ್ ಗಾಡಿ, ಅದರಲ್ಲಿ ಇವರಿಬ್ಬರು. ಅಷ್ಟು ದೂರ ವಿಮಾನದಲ್ಲಿ ಹೋಗಬೇಕು, ಗಾಡಿ ಬಾಡಿಗೆಗೆ ಹಿಡಿಯಬೇಕು, ಫೋಟೋಗ್ರಾಫರನನ್ನೂ ಕರೆದೊಯ್ಯಬೇಕು.

"ಕಣಿವೆ ತಾನೆ? ವರ್ತೂರಲ್ಲೇ ತೋರಿಸ್ತೀನಿ ಬಾ," ಎಂದೆ.

ಸುಳ್ಳಲ್ಲ. ನಮ್ಮ ಮನೆಯ ಹಿಂದೆ ಅಕ್ಕಯ್ಯಮ್ಮ ಎಂಬ ಹಳೇ ವರ್ತೂರಿನ ಹೆಂಗಸಿನ ರಾಗಿಹೊಲವಿತ್ತು. ಬಿಲ್ಡರೊಬ್ಬ ಅದನ್ನು ಮಾತಾಡಿಕೊಂಡು, ಕಾರು ನಿಲ್ಲಿಸುವ ನೆಲಮಾಳಿಗೆಗೆಂದು ಪಾತಾಳದಷ್ಟು ಅಗೆಸಿ, ಒಂದು ದಿನ ಜೆಸಿಬಿ ಸಮೇತ ಮಾಯವಾದ. ಗುಂಡಿ ಉಳಿಯಿತು. ಮರಳುಗಾಡಿನಲ್ಲಿ ನದಿಯೊಂದು ಯುಗಗಟ್ಟಲೆ ಕೊರೆದು ಮಾಡುವ ಕೆಲಸವನ್ನು ನಮ್ಮ ಕಡೆ ಒಂದು ಜೆಸಿಬಿ ಬೇಸಿಗೆ ಮುಗಿಯುವುದರೊಳಗೆ ಮಾಡುತ್ತದೆ. ಗೋಡೆಯ ಪದರಗಳನ್ನು ಓದಬಲ್ಲವರಿಗೆ ಅಲ್ಲಿ ಇಡೀ ಚರಿತ್ರೆಯಿದೆ. ಮೇಲ್ಗಡೆ ಪಾರ್ಸೆಲ್ ಡಬ್ಬಿಗಳ ಯುಗ, ಅದರ ಕೆಳಗೆ ಒಡೆದ ಟೈಲ್ಸಿನ ಯುಗ, ಅದರಡಿ ಒಂದು ಮೊಳ ರಾಗಿಯ ಕಪ್ಪು ಮಣ್ಣು, ಆಮೇಲೆ ಯಾರೂ ಕೈಹಾಕದ ಕೆಂಪು. ಭೂಗರ್ಭಶಾಸ್ತ್ರಜ್ಞರು ದೂರ ಹೋಗುವುದು ಯಾಕೋ ನನಗೆ ಗೊತ್ತಿಲ್ಲ.

ಇನ್ನು ಫೋರ್ ವೀಲ್ ಗಾಡಿ ನನ್ನಲ್ಲೇ ಇತ್ತು. ಹಳೆಯ ಜೀಪು. ಮಾರಿದವನು ಕೊನೆಗೆ "ತಗೊಂಡ್ ಹೋಗಿ ಸಾರ್, ಇನ್ನು ಮಾತಾಡ್ಬೇಡಿ" ಎಂದು ಕೈಮುಗಿದಿದ್ದ. ಅದರ ಫೋರ್ ವೀಲ್ ಲಿವರ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ ಎಂದು ನಾನು ಅಪಾರ್ಟ್‌ಮೆಂಟಿನ ಪ್ರತಿಯೊಬ್ಬರಿಗೂ ಎಳೆದು ತೋರಿಸಿದ್ದೇನೆ.

ನಂದಿನಿ ಕಿಟಕಿಯಿಂದ ಗುಂಡಿಯನ್ನು ನೋಡಿದಳು. "ಸರಿ ಅಪ್ಪ. ನಿನ್ನ ಜೀಪು ಆ ಗುಂಡಿಗಿಳಿದು ತಾನಾಗೇ ಮೇಲೆ ಬಂದ್ರೆ ಮರಳುಗಾಡಿನ ಹೆಸರೇ ಎತ್ತಲ್ಲ. ಬರ್ಲಿಲ್ಲ ಅಂದ್ರೆ, ಮದುವೆ ಮುಗಿಯೋವರೆಗೂ ನೀನು ಯಾರ ಹತ್ರಾನೂ ಚೌಕಾಸಿ ಮಾಡಂಗಿಲ್ಲ."

"ಇದೆಂಥಾ ಷರತ್ತೇ?"

"ಸೀರೆ ಅಂಗಡೀಲಿ ಎಸಿ ಓಡ್ತಿಲ್ಲ, ಅದಕ್ಕೆ ಕಮ್ಮಿ ಮಾಡಿ ಅಂದ್ಯಲ್ಲ, ವೀರೇಶನ ಅಮ್ಮ ಆಗ ಚಾವಣಿ ನೋಡ್ತಾ ನಿಂತಿದ್ರು. ನನ್ನ ಮದುವೇಲಿ ಎಲ್ಲಾದಕ್ಕೂ 'ಇದು ಜಾಸ್ತಿ ಆಯ್ತು, ಇದು ಜಾಸ್ತಿ ಆಯ್ತು' ಅಂತಿದ್ರೆ ನಂಗೆ ಹೇಗಿರುತ್ತೆ ಅಪ್ಪ?"

ನನ್ನ ಬಳಿ ಜೀಪಿತ್ತು. ಒಪ್ಪಿದೆ. ಛತ್ರ, ಅಡಿಗೆಯವರು, ಓಲಗದವರು, ಹೂವಿನವರು ಎಲ್ಲರೂ ಇನ್ನೂ ಬಾಕಿಯಿದ್ದರು ಎಂಬುದನ್ನು ನೆನಪಿಡಿ. ಒಬ್ಬ ಮನುಷ್ಯನ ಜೀವಮಾನದ ವಿದ್ಯೆ ಆ ನಾಲ್ಕು ಚಕ್ರಗಳ ಮೇಲೆ ನಿಂತಿತ್ತು.

ಭಾನುವಾರ ಗುಂಡಿಯ ಬಾಯಲ್ಲಿ ಅಕ್ಕಯ್ಯಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮಂತೆಯೇ ಮದುವೆ ಫೋಟೋದವರು ಗುಂಡಿ ಹುಡುಕಿಕೊಂಡು ಬರತೊಡಗಿದ ಮೇಲೆ ಅವರು ರಾಗಿಯ ಬದಲು ಗುಂಡಿಯನ್ನೇ ಬೆಳೆಯಾಗಿ ನಂಬಿದ್ದರು.

"ಗಾಡಿಗಿಷ್ಟು ಅಂತ ಐತೆ ಸಾಮಿ."

"ಏನಮ್ಮಾ, ಗುಂಡಿ ತೋಡಿದ್ದು ನೀವಾ? ಅರ್ಧ ತಗೊಳ್ಳಿ."

ಅವರು ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸಾಗಿಸಿದರು. "ಆಯ್ತು ಬುಡಿ. ಅರ್ಧಾನೇ ಕೊಡಿ."

ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಹೆಮ್ಮೆಯಾಯಿತು. ಅನುಮಾನ ಬರಬೇಕಿತ್ತು.

ಫೋಟೋದಲ್ಲಿ ಗಾಡಿ ಓಡಿಸುವವನು ವರನೇ ಆಗಿರಬೇಕಂತೆ. ಆದರೆ ನನ್ನ ಕ್ಲಚ್ಚನ್ನು ಎಳನೀರಿನವನಿಗೆ ಸೋಲುವವನ ಕಾಲಿಗೆ ಒಪ್ಪಿಸುವುದು ಹೇಗೆ? ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮುಂದೆ ವೀರೇಶ ಕಪ್ಪು ಕನ್ನಡಕ ಹಾಕಿಕೊಂಡು ಸ್ಟಿಯರಿಂಗ್ ಹಿಡಿದ. ಪಕ್ಕದಲ್ಲಿ ನಂದಿನಿ, ಅವಳ ಉದ್ದ ಗೌನಿನ ಬಾಲ ಗಾಳಿಗೆ ಬಿಟ್ಟಿತ್ತು. ಹಿಂದೆ, ಸೀಟುಗಳ ನಡುವೆ, ಮಣ್ಣಿನ ಬಣ್ಣದ ಬೆಡ್‌ಶೀಟ್ ಹೊದ್ದು ಮುದುರಿಕೊಂಡಿದ್ದವನು ನಾನು.

"ಸೆಕೆಂಡಿಗೆ ಹಾಕು. ನಿಧಾನ. ನಿಧಾನ ಅಂದ್ನಲ್ಲಪ್ಪಾ!"

"ಮಾವ, ಸ್ವಲ್ಪ ಮೆಲ್ಲಗೆ. ನಾವು ನಗ್ತಾ ಇರ್ಬೇಕಂತೆ."

"ನಗು, ಬೇಡ ಅಂದೋರ್ಯಾರು? ಕ್ಲಚ್ ಮೇಲಿಂದ ಕಾಲು ತೆಗೆದು ನಗು."

ಇಳಿದದ್ದು ಬಹಳ ಚೆನ್ನಾಗಿಯೇ ಇಳಿಯಿತು. ಕೆಂಪು ಗೋಡೆ, ಕೆಂಪು ಧೂಳು. ಫೋಟೋಗ್ರಾಫರ್ "ಸೂಪರ್ ಸಾರ್, ಮರಳುಗಾಡೇ ಸಾರ್" ಎಂದು ಕೂಗುತ್ತ ಹಿಮ್ಮುಖವಾಗಿ ಓಡಿದ. ಅಕ್ಕಯ್ಯಮ್ಮನ ಎಮ್ಮೆಯೊಂದು ಚಿತ್ರದೊಳಗೆ ನಡೆದು ಬಂದಾಗ ಮಾತ್ರ "ಒಂಟೆ ಆಗಿದ್ರೆ ಇಟ್ಕೋಬಹುದಿತ್ತು" ಎಂದು ಮರುಗಿದ. ತಳದಲ್ಲಿ ಕೆರೆಯ ಕಡೆಯಿಂದ ಒಸರಿದ ನೀರು ನಿಂತು ಕೆಸರಾಗಿತ್ತು. ಮರಳುಗಾಡಿಗೂ ನಮಗೂ ಇದ್ದ ವ್ಯತ್ಯಾಸ ಅದೊಂದೇ, ಮತ್ತು ಜೀಪು ನಿಂತದ್ದು ಅಲ್ಲೇ.

"ಫೋರ್ ವೀಲ್ ಹಾಕು," ಎಂದೆ ಬೆಡ್‌ಶೀಟಿನೊಳಗಿಂದ, ಗಾಂಭೀರ್ಯದಿಂದ.

ಲಿವರ್ ಬೆಣ್ಣೆಯಂತೆ ಇಳಿಯಿತು. ಹಿಂದಿನ ಚಕ್ರಗಳೆರಡು ಕೆಸರನ್ನು ಆಕಾಶಕ್ಕೆ ಎರಚಿದವು. ಮುಂದಿನವು ಛತ್ರದಲ್ಲಿ ಕೂತ ದೂರದ ನೆಂಟರ ಹಾಗೆ ಸುಮ್ಮನೆ ನೋಡುತ್ತಿದ್ದವು. ಮತ್ತೊಮ್ಮೆ ಹಾಕಿಸಿದೆ. ಬೆಡ್‌ಶೀಟ್ ಕಿತ್ತೆಸೆದು ನಾನೇ ಕೂತು ಹಾಕಿದೆ. ಏನೂ ಆಗಲಿಲ್ಲ. ವೀರೇಶ ಒಳ್ಳೆಯ ಅಂಗಿಯಲ್ಲೇ ಮಲಗಿ ಗಾಡಿಯ ಕೆಳಗೆ ಇಣುಕಿದ.

"ಮಾವ, ಮುಂದಿನ ಚಕ್ರ ತಿರುಗ್ಸೋಕೆ ಒಂದು ಶಾಫ್ಟ್ ಹೋಗ್ಬೇಕಲ್ವಾ? ಅದೇ ಇಲ್ಲ."

ಆಗ ನೆನಪಾಯಿತು. ಕೊಂಡ ಹೊಸತರಲ್ಲಿ ಡೀಸೆಲ್ ಜಾಸ್ತಿ ಕುಡಿಯುತ್ತದೆಂದು ಕಾಡುಗೋಡಿಯ ಮೆಕ್ಯಾನಿಕ್ ನಯಾಜನ ಬಳಿ ಬಿಟ್ಟು, "ಏನಾದ್ರೂ ಮಾಡು, ಮೈಲೇಜ್ ಬರ್ಬೇಕು" ಎಂದಿದ್ದೆ. ಕೂಲಿಗೆ ಬೇರೆ ಎಳೆದಾಡಿದೆ. ಅವನು ಸುಸ್ತಾಗಿ "ಕೂಲೀನೇ ಬೇಡ ಸಾರ್, ಬಿಚ್ಚಿದ ಸಾಮಾನು ನಾನಿಟ್ಕೋತೀನಿ" ಎಂದ. ಏನು ಬಿಚ್ಚಿದ್ದೀಯ ಎಂದು ಕೇಳುವುದನ್ನು ಪುಕ್ಕಟೆಯ ಆನಂದದಲ್ಲಿ ಮರೆತೆ. ಶಾಫ್ಟುಗಳನ್ನು ಕಡೆದೇ ಬದುಕಿದವನು ನಾನು! ಅಂದಿನಿಂದ ನಾನು ಎಳೆದು ತೋರಿಸುತ್ತಿದ್ದ ಆ ಲಿವರ್ ಅಷ್ಟು ಸಲೀಸಾಗಿದ್ದದ್ದು, ಅದು ಏನನ್ನೂ ಎಳೆಯಬೇಕಾಗಿರಲಿಲ್ಲವಾದ್ದರಿಂದ.

ಮೇಲೆ ಅಂಚಿನಲ್ಲಿ ಅಕ್ಕಯ್ಯಮ್ಮ ಕಾಣಿಸಿಕೊಂಡರು. ಅವರ ಹಿಂದೆ, ಮೊದಲೇ ತಯಾರಾಗಿ, ಅವರ ಟ್ರಾಕ್ಟರು.

"ಅರ್ಧ ಕೊಟ್ರಲ್ಲ ಸಾಮಿ, ಅದು ಇಳಿಯಾಕೆ. ಮ್ಯಾಕೆ ಬರಾಕೆ ಬ್ಯಾರೆ."

ಅವರು ಹೇಳಿದ ಬೆಲೆ ಕೇಳಿ ನನ್ನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ನಂದಿನಿ ಗೌನನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಕೆಸರಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೋಟದಲ್ಲಿ ಕೋಪವಿರಲಿಲ್ಲ. ಸಣ್ಣವಳಿದ್ದಾಗ ಸ್ಕೂಲಿನ ಗೇಟಿನಲ್ಲಿ, ನಾನು ಬರುತ್ತೇನೋ ಇಲ್ಲವೋ ಎಂದು ಕಾಯುವಾಗ ಹೀಗೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ. "ಆಯ್ತಮ್ಮ, ಎಳೀರಿ," ಎಂದೆ.

ಅಕ್ಕಯ್ಯಮ್ಮನ ಮುಖದಲ್ಲಿ ನಿರಾಸೆ ಕಂಡೆ. "ಅಂಗೇ ಒಪ್ಕೊಂಡ್ಬುಟ್ರಾ?" ಎಂದರು. ಇನ್ನೂ ಜಾಸ್ತಿ ಹೇಳಬಹುದಿತ್ತೆಂಬ ಆ ವ್ಯಥೆ ನನಗೆ ಚೆನ್ನಾಗಿ ಗೊತ್ತು.

ಲಗ್ನಪತ್ರಿಕೆಗೆ ಹೋದ ಫೋಟೋ ಕಣಿವೆಯದಲ್ಲ. ಟ್ರಾಕ್ಟರು ಜೀಪನ್ನು ಎಳೆಯುತ್ತಿದೆ, ವಧೂವರರು ಹಿಂದಿನಿಂದ ತಳ್ಳುತ್ತ ಬಿದ್ದು ಬಿದ್ದು ನಗುತ್ತಿದ್ದಾರೆ, ಮೂಲೆಯಲ್ಲಿ ಎಮ್ಮೆ. ಮರಳುಗಾಡಿಗೆ ಹೋಗಬೇಕೆಂಬ ಮಾತನ್ನು ನಂದಿನಿ ಮತ್ತೆ ಎತ್ತಲೇ ಇಲ್ಲ. ಅವಳಿಗೆ ಮೊದಲಿನಿಂದಲೂ ಅದು ಬೇಕಿತ್ತೇ ಎಂಬ ಅನುಮಾನ ನನಗೆ ಆಮೇಲೆ ಬಂತು. ಸಿಗಲಾರದ ದೊಡ್ಡದನ್ನು ಮೊದಲು ಕೇಳಿ, ಬೇಕಾದ ಸಣ್ಣದಕ್ಕೆ ಮೆಲ್ಲಗೆ ಇಳಿಯಬೇಕು ಎಂದು ಅವಳಿಗೆ ಹೇಳಿಕೊಟ್ಟವನು ನಾನೇ ತಾನೆ?

ಮದುವೆಯ ಹಿಂದಿನ ದಿನ ಕಾಡುಗೋಡಿ ಮಾರ್ಕೆಟ್ಟಿಗೆ ಹೂವಿಗೆ ಹೋದೆವು. ಕಾವಲಿಗೆ ನಂದಿನಿಯೂ ಬಂದಿದ್ದಳು. ಹೂವಿನ ಸರೋಜಮ್ಮ ನನ್ನ ಹಳೆಯ ಎದುರಾಳಿ. ನನ್ನನ್ನು ಕಂಡ ಕೂಡಲೇ ಸೆರಗು ಬಿಗಿದು ಬೆಲೆ ಹೇಳಿದಳು. ನಾನು ಜೇಬಿನಿಂದ ಪರ್ಸು ತೆಗೆದೆ.

"ಯಾಕಣ್ಣ, ಮೈ ಉಸಾರಿಲ್ವಾ?"

"ಚೆನ್ನಾಗಿದ್ದೀನಮ್ಮ. ಕಟ್ಟು."

ಅವಳು ಹೆದರಿದಳು. "ಓಗ್ಲಿ ಬುಡಣ್ಣ, ಕಮ್ಮಿ ಮಾಡ್ಕೊಡ್ತೀನಿ."

"ಬೇಡ, ಹೇಳಿದ್ದೇ ತಗೋ."

"ಇಷ್ಟ್ ವರ್ಸದ ಗಿರಾಕಿ, ನಿನ್ ತಾವ ಅಷ್ಟೊಂದ್ ಇಸ್ಕೊಂಡ್ರೆ ನಂಗೆ ಊಟ ಸೇರ್ತದಾ? ಇನ್ನೂ ಇಳಿಸ್ತೀನಿ."

"ಅಷ್ಟಕ್ಕೆ ನಾನು ತಗೊಳ್ಳೋನೇ ಅಲ್ಲ. ಏರ್ಸು."

ಅವಳು ಇಳಿಸುತ್ತ, ನಾನು ಏರಿಸುತ್ತ, ಸುತ್ತ ಜನ ಸೇರಿದರು. ಒಬ್ಬರು ನನ್ನ ಪರ, ಇಬ್ಬರು ಅವಳ ಪರ. ಕೊನೆಗೆ ನಾನು ಹೊರಟು ಹೋಗುವವನಂತೆ ಎರಡು ಹೆಜ್ಜೆ ಹಾಕಿದೆ, ಅವಳು ಕೂಗಿ ಕರೆದಳು, ಇಬ್ಬರೂ ನಡುವಿನ ಒಂದು ಬೆಲೆಗೆ ಒಪ್ಪಿದೆವು.

"ಅಪ್ಪಾ!" ಎಂದಳು ನಂದಿನಿ.

"ನಾನಲ್ಲಮ್ಮ, ಅವಳು!" ಎಂದೆ, ಕೊಸರಿಗೆ ಸಿಕ್ಕ ಮೊಳ ಮಲ್ಲಿಗೆಯನ್ನು ಮಗಳ ಮುಡಿಗೆ ಸಿಕ್ಕಿಸುತ್ತ.