ಬರಿ ಬುಟ್ಟಿ ಹೋದ ದಾರಿಯಲ್ಲಿ

ರೈಲು ರಾಯಚೂರು ಮುಟ್ಟಿದಾಗ ಬೆಳಗಿನ ಆರೂವರೆ. ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು. ಸ್ವೆಟರ್ ಹಾಕಿಕೊಂಡು ಇಳಿದವನು ಎಂಟು ಗಂಟೆಗೆಲ್ಲ ಅದನ್ನು ಬಿಚ್ಚಿ ಪೆಟ್ಟಿಗೆಗೆ ತುರುಕಿದೆ. ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆ. ಕಣ್ಣಲ್ಲಿ ನೀರು ಬಂತು. ಮಿರ್ಚಿಯ ಖಾರ ಎಂದು ಮಾಣಿ ನಕ್ಕ, ನಾನೂ ಹೌದೆಂದೆ.

ನಮ್ಮ ಸಾಹೇಬರು ಇದೇ ಊರಿನ ಹಾಸ್ಟೆಲಿನಲ್ಲಿ ಓದಿ, ಇಲ್ಲಿಯ ಕೋರ್ಟಿನಲ್ಲೇ ಕರಿಕೋಟು ಹಾಕಿದವರು. ಮುಂದೆ ಶಾಸಕರಾದರು, ಮಂತ್ರಿಯಾದರು, ದೂರದ ಒಂದು ರಾಜ್ಯಕ್ಕೆ ರಾಜ್ಯಪಾಲರಾದರು, ಕೊನೆಗೆ ಹಿಮ ಬೀಳುವ ದೇಶವೊಂದಕ್ಕೆ ರಾಯಭಾರಿಯಾಗಿ ಹೋದರು. ಮಂತ್ರಿಯಾದಂದಿನಿಂದ ಕೊನೆಯವರೆಗೂ ಅವರ ಸ್ಟೆನೋ ನಾನು. ಹೋದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು. ಬಂದ ಸಂತಾಪದ ಪತ್ರಗಳಿಗೆಲ್ಲ ಉತ್ತರ ಟೈಪು ಮಾಡಿ ನಾನು ನಿವೃತ್ತನಾದೆ. ಪತ್ರ ಬರೆಯದೆ ಉಳಿದದ್ದು ಒಬ್ಬರಿಗೆ ಮಾತ್ರ. ಅವರಿಗೆ ಎದುರು ಕೂತೇ ಹೇಳಬೇಕಿತ್ತು.

ಒಂದು ಬಟ್ಟೆ ಚೀಲದ ತುಂಬ ಬಾಳೆಹಣ್ಣು ಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಕಲ್ಮಲದಲ್ಲಿ ಜನ ನುಗ್ಗಿದರು. ಐವತ್ತು ಕಿಲೋಮೀಟರು ಚಿಲ್ಲರೆ ದಾರಿಗೆ ಎರಡು ಗಂಟೆ ಹಿಡಿಯಿತು. ಎರಡೂ ಬದಿಗೆ ಬಿಳಿಜೋಳ ತೆನೆ ಬಿಟ್ಟಿತ್ತು. ಏಳು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಪೊಲೀಸು ಜೀಪುಗಳ ನಡುವೆ ಮುಕ್ಕಾಲು ಗಂಟೆಯಲ್ಲಿ ಬಂದಿದ್ದೆವು. ಆಗ ಹೊಲ ಕಂಡ ನೆನಪೇ ಇಲ್ಲ.

ಅಂದು ಸಾಹೇಬರು ವಿದೇಶಕ್ಕೆ ಹೊರಡುವ ಮುಂಚೆ ಹುಟ್ಟಿದ ಸೀಮೆ ನೋಡಿಕೊಂಡು ಹೋಗಲು ಬಂದಿದ್ದರು. ದೇವದುರ್ಗದ ಪ್ರವಾಸಿ ಮಂದಿರದಲ್ಲಿ ಮೂರು ತಾಸಿನ ಕಾರ್ಯಕ್ರಮ. ಹೊರಗಿನ ಊಟ ಒಳಗೆ ಹೋಗಕೂಡದೆಂಬ ನಿಯಮ, ಅದನ್ನು ನೋಡಿಕೊಳ್ಳುವವನು ನಾನು. ಗೇಟಿನಲ್ಲಿ ಒಬ್ಬ ಮುದುಕಿ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದಾಳೆ, ಸಾಹೇಬರ ಅಕ್ಕ ಅನ್ನುತ್ತಾಳೆ ಎಂದು ಕಾವಲುಗಾರ ಬಂದು ಹೇಳಿದ. ದಿನಕ್ಕೆ ಹತ್ತು ಜನ ಅಕ್ಕ, ಮಾವ ಎಂದು ಬರುವುದನ್ನು ಕಂಡವನು ನಾನು. ರೊಟ್ಟಿ ತೆಗೆಸಿ ಡ್ರೈವರುಗಳಿಗೆ ಕೊಡಿಸಿದೆ. “ಸಾಹೇಬರಿಗೆ ಮುಟ್ಟಿದೆ, ಈಗ ಭೇಟಿಯಿಲ್ಲ ಎಂದು ಹೇಳಿ ಬುಟ್ಟಿ ಕೊಟ್ಟುಬಿಡು” ಎಂದೆ. ಕಚೇರಿಯಲ್ಲಿ ಅರ್ಜಿ ತಂದವರಿಗೆ ಹೇಳುವ ಮಾತೇ ಅದು.

ಬಸ್ಸಿಳಿದು ನೇರ ಪ್ರವಾಸಿ ಮಂದಿರಕ್ಕೆ ಹೋದರೆ, ಆ ಕಾವಲುಗಾರ ಹುಸೇನಪ್ಪ ಇನ್ನೂ ಅಲ್ಲೇ ಇದ್ದ. ತಲೆ ನರೆತಿತ್ತು. ಬೇವಿನ ನೆರಳಲ್ಲಿ ಚಹಾ ತರಿಸಿಕೊಟ್ಟು, ನಾನು ಕೇಳುವ ಮೊದಲೇ ಶುರುಮಾಡಿದ.

“ಸಾಹೇಬ್ರ, ಅವತ್ತು ನಾ ಬಾಯಿ ಬಿಡಬೇಕಿತ್ತು. ನಿಮ್ಮ ಅಂಜಿಕಿಗೆ ಬಿಡಲಿಲ್ಲ. ನಮ್ಮ ಕಡೆ ಬುಟ್ಟಿ ಬರಿದ ಕೊಡಂಗಿಲ್ರೀ. ಏನಿಲ್ಲಂದ್ರ ನಾಕು ಕಾಳು ಜ್ವಾಳ ಹಾಕಿ ಕೊಡ್ತಾರ. ಬರಿ ಬುಟ್ಟಿ ಕೊಟ್ರ ಇನ್ನ ನಮಗ ನಿಮಗ ಸಂಬಂಧ ಮುಗೀತು ಅಂದಂಗ.”

“ಅವರು ಏನಂದರು?”

“ಬುಟ್ಟಿ ಬೋರಲ ಮಾಡಿ ನೋಡಿದ್ಳು. ಮತ್ತ ಹೊಂಟು ಹ್ವಾದ್ಳು.”

ತಪ್ಪು ಮಾಡಿದ್ದೇನೆ ಎಂದು ಗೊತ್ತಿತ್ತು, ಎಷ್ಟು ದೊಡ್ಡದೆಂದು ಈಗಲೇ ಗೊತ್ತಾದದ್ದು. ಅಕ್ಕ ಹುಲಿಗೆವ್ವ ಈಗ ಮಾನ್ವಿ ಹತ್ತಿರ ಮಗಳ ಮನೆಯಲ್ಲಿದ್ದಾಳೆಂದು ಹುಸೇನಪ್ಪ ದಾರಿ ಹೇಳಿದ. ಆ ರಾತ್ರಿ ಪ್ರವಾಸಿ ಮಂದಿರದಲ್ಲೇ ಮಲಗಿದ್ದು, ಬೆಳಿಗ್ಗೆ ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದೆ.

ಸಿರವಾರ ದಾಟಿದ ಮೇಲೆ ಕಾಲುವೆ ನೀರಿನ ಸೀಮೆ. ಒಣ ನೆಲ ಮುಗಿದು ಕೆಸರುಗದ್ದೆ ಬಂತು. ಮಾನ್ವಿಯಲ್ಲಿ ಇಳಿದು, ಅಕ್ಕಿ ಗಿರಣಿಗಳ ಸಾಲು ದಾಟಿ, ಎರಡು ಮೈಲು ನಡೆದೆ. ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಕಾಲುವೆ ಏರಿಯ ಮೇಲೆ ಮೊಮ್ಮಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹುಲಿಗೆವ್ವ ಕೂತಿದ್ದರು. ಕೇಳಬೇಕಾಗಲಿಲ್ಲ. ಸಾಹೇಬರದೇ ಮೂಗು, ಸಾಹೇಬರದೇ ಹುಬ್ಬು.

“ಬರ್ರಿ ಯಪ್ಪಾ, ಕುಂದರ್ರಿ. ಯಾರ ಪೈಕಿ?” ಎಂದರು. ಹಣ್ಣಿನ ಚೀಲ ಮುಂದಿಟ್ಟು, ನಾನು ಯಾರೆಂದು ಹೇಳಿದೆ. ಬುಟ್ಟಿಯ ಸಂಗತಿಯನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನಿಲ್ಲಿಸಿದ್ದರೆ ಮುಂದೆ ಹೇಳುವ ಧೈರ್ಯ ಬರುತ್ತಿರಲಿಲ್ಲ.

ಅವರು ಕೂಸಿನ ಮೇಲಿನ ನೊಣ ಹೊಡೆಯುತ್ತ ಕೇಳಿದರು.

“ರೊಟ್ಟಿ ಯಾರು ತಿಂದ್ರಿ?”

“ಡ್ರೈವರುಗಳು. ನಾನೂ ಎರಡು ತಿಂದೆ.”

“ಮೆತ್ತಗಿದ್ವೇನು?”

“ಇದ್ದವು ಅಮ್ಮಾ.”

“ಅಂವ ನನ್ನ ದಾರಿ ನೋಡಿದ್ನಾ?”

ನೋಡಿದ್ದರು. ಹೊರಡುವ ಹೊತ್ತಾದರೂ ವರಾಂಡದಲ್ಲಿ ಅರ್ಧ ಗಂಟೆ ನಿಂತೇ ಇದ್ದರು. “ಯಾರೂ ಬರಲಿಲ್ಲವೇನ್ರಿ?” ಎಂದು ಎರಡು ಸಲ ಕೇಳಿದರು. “ಯಾರೂ ಇಲ್ಲ ಸರ್” ಎಂದೆ. ವಿದೇಶದಲ್ಲಿ ಒಂದು ಸಂಜೆ ಪತ್ರ ಬರೆಸುತ್ತಿದ್ದವರು ತಡೆದು ಹೇಳಿದರು: “ಕುರಿ ಕಾಯಲು ಅಕ್ಕ ನಿಂತಳು, ಅದಕ್ಕೇ ನಾನು ಶಾಲೆಗೆ ಹೋದೆ. ಪ್ರಮಾಣವಚನದ ದಿನವೇ ಅವ್ವ ಸತ್ತಳು, ಮಣ್ಣಿಗೆ ಹೋಗಲಿಲ್ಲ. ಅಕ್ಕನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ, ಅವತ್ತು ಗೇಟಿನ ತನಕವೂ ಬರಲಿಲ್ಲ.” ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ನೌಕರಿಯ ಭಯ. ಆಮೇಲೆ ರಜೆಗೆ ಬಂದಾಗಲೂ ಸಾಹೇಬರು ದೆಹಲಿಯಿಂದ ಮುಂದೆ ಬರಲಿಲ್ಲ. ಇದನ್ನೂ ಹೇಳಿದೆ.

ಹುಲಿಗೆವ್ವ ಕೂಸನ್ನು ತೊಡೆಯಿಂದ ಇಳಿಸಿ ಪಕ್ಕದಲ್ಲಿ ಮಲಗಿಸಿದರು.

“ಅವ್ವನ ಮಣ್ಣಿಗೆ ಬರಲಿಲ್ಲಂತ ನನಗೇನ ಸಿಟ್ಟಿರಲಿಲ್ಲ ಯಪ್ಪಾ. ದೊಡ್ಡ ಕೆಲಸದಾಗ ಇದ್ದ ಅಂತ ತಿಳಕೊಂಡಿದ್ದೆ. ಬರಿ ಬುಟ್ಟಿ ಕಳಿಸ್ಯಾನಂತ ಸಿಟ್ಟು. ಏಳು ವರ್ಷ ಬೈದೀನಿ. ಸತ್ತಾನಂತ ತಂತಿ ಬಂದ ದಿನಾನೂ ಬೈದು ಅತ್ತೀನಿ. ಬೈದದ್ದೆಲ್ಲಾ ಈಗ ಹ್ಯಾಂಗ ವಾಪಸ್ ತಗೊಳ್ಳಲಿ, ಹೇಳ್ರಿ?”

ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಮೂರು ಗಂಟೆಯ ರಾಯಚೂರು ಬಸ್ಸಿಗೆ ಹೊರಡುತ್ತೇನೆಂದೆ. ಹಣ್ಣನ್ನು ಸೆರಗಿಗೆ ಸುರುವಿಕೊಂಡರು. ಖಾಲಿ ಚೀಲಕ್ಕೆ ನಾನು ಕೈ ಚಾಚಿದೆ, ಅವರು ಕೊಡಲಿಲ್ಲ. ತಮ್ಮ ಬುತ್ತಿ ಗಂಟು ಬಿಚ್ಚಿದರು. ಒಳಗೆ ಮೂರು ರೊಟ್ಟಿ ಇದ್ದವು. ಎರಡನ್ನು ಮಡಚಿ ಚೀಲಕ್ಕಿಟ್ಟರು.

“ಬ್ಯಾಡಮ್ಮಾ, ನಿಮ್ಮ ಊಟ” ಎಂದೆ.

“ಬರಿ ಚೀಲ ನಾ ಕೊಡಂಗಿಲ್ಲ” ಎಂದರು, ನನ್ನ ಮುಖ ನೋಡದೆ.

ಬಸ್ಸು ಏರಿಯ ಪಕ್ಕದಲ್ಲೇ ಹಾದುಹೋಯಿತು. ಕಿಟಕಿಯಿಂದ ನೋಡಿದೆ. ಉಳಿದ ಒಂದು ರೊಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರು ಹಾಗೇ ಕೂತಿದ್ದರು. ರಾಯಚೂರಿನವರೆಗೂ ಚೀಲ ನನ್ನ ಮಡಿಲಲ್ಲೇ ಇತ್ತು. ಹಸಿವಾಗಿತ್ತು, ಆದರೆ ಆ ರೊಟ್ಟಿ ಮುರಿಯಲು ನನಗೆ ಕೈ ಬರಲಿಲ್ಲ.