ಊಟಕ್ಕೆ ಕರೆಯುವವರೆಗಿನ ಆಟ

ಪಗಡೆ, ಹಾವು-ಏಣಿಯಂಥ ಹೊಸ ಆಟ ಕಟ್ಟಬೇಕೆನ್ನುವವರಿಗೆ ನಾನು ಹೇಳುವುದಿಷ್ಟೇ: ಮೊದಲು ಅಡಿಗೆಮನೆಯ ವೇಳೆ ಕೇಳಿಕೊಳ್ಳಿ. ಇದು ನನಗೆ ತಿಳಿದದ್ದು ಅರವತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ, ಇಚಲಕರಂಜಿಯ ಶಹಾಪುರದ ನಮ್ಮ ಮನೆಯಲ್ಲಿ.

ನೂಲಿನ ಪೆಟ್ಟಿಗೆಯ ರಟ್ಟಿನ ಮೇಲೆ ನೂರು ಮನೆ ಎಳೆದಿದ್ದೆ. ಕವಡೆ ಬಿದ್ದಷ್ಟು ಬಳೆಚೂರು ನಡೆಸಿ, ನೂಲನ್ನು ಸೀರೆಯಾಗಿಸಿ ಪೇಟೆ ಮುಟ್ಟಿಸಬೇಕು. 'ಎಳೆ ಹರಿಯಿತು' ಎಂಬ ಮನೆಗೆ ಬಿದ್ದರೆ ಹಿಂದಕ್ಕೆ. 'ಕರೆಂಟು ಹೋಯಿತು' ಎಂದರೆ ಒಂದು ಸರದಿ ಸುಮ್ಮನೆ ಕೂರಬೇಕು. ಅಪ್ಪನ ಕರೆಂಟಿನ ಮಗ್ಗದ ಶೆಡ್ಡಿನಲ್ಲಿ ಇವೆರಡೂ ದಿನಾ ಆಗುತ್ತಿದ್ದುದರಿಂದ ಆಟದಲ್ಲೂ ಧಾರಾಳವಾಗಿ ತುಂಬಿದ್ದೆ.

ಆಡುವವರು ನಾನು, ತಮ್ಮ, ಮತ್ತೆ ರಜೆಗೆ ಗಡಹಿಂಗ್ಲಜದಿಂದ ಬಂದಿದ್ದ ಸೋದರತ್ತೆಯ ಮಗಳು. ತಾರೀಖು, ಗೆದ್ದವರ ಹೆಸರು ಬರೆಯಲು ಕೋಷ್ಟಕ ಹಾಕಿದ್ದೆ. ವಾರ ಕಳೆದರೂ ಹೆಸರಿನ ಸಾಲು ಖಾಲಿ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಯಾರೂ ಪೇಟೆ ಮುಟ್ಟುವ ಮೊದಲೇ ಅವ್ವ ಕರೆಯುತ್ತಿದ್ದಳು. ಉಂಡು ಬಂದರೆ ಯಾರ ಬಳೆಚೂರು ಎಲ್ಲಿತ್ತೆಂದು ಜಗಳ.

ಆಟವನ್ನು ಅತ್ತೆಯ ಮಗಳು ತನ್ನೂರಿಗೆ ಒಯ್ದು ಗೆಳತಿಯರಿಗೆ ತೋರಿಸಲಿ ಎಂದು ನನಗೆ ತುಂಬಾ ಆಸೆ. ಅವಳೋ, "ಮುಗೀಲಾರದ ಆಟ ನಾ ಒಯ್ಯಂಗಿಲ್ಲ. ಇಷ್ಟ ಹೊತ್ತ ಮಾಮಾನ ಶೆಡ್ಡಿನ್ಯಾಗ ಕುಂತಿದ್ರ ಖರೇನ ಒಂದ ಸೀರಿ ನೇದಿರತಿದ್ನಿ" ಅಂದಳು.

ಮನೆಗಳನ್ನು ಕಡಿಮೆ ಮಾಡಲು ನನಗೆ ಮನಸ್ಸಿಲ್ಲ. ಖರೇ ಮಗ್ಗದಂತಿರಬೇಕೆಂಬ ಹಟ. ಅವಳು ಹೊರಡುವ ಹಿಂದಿನ ದಿನ ಬೇರೊಂದು ನಿಯಮ ಮಾಡಿದೆ: ಅವ್ವ ಊಟಕ್ಕೆ ಕರೆದ ಗಳಿಗೆಗೆ ಯಾರು ಮುಂದಿರುತ್ತಾರೋ ಅವರೇ ಗೆದ್ದಂತೆ.

ಅಂದು ಅವಳು ಮುಂದಿದ್ದಳು. ಕವಡೆ ನನ್ನ ಕೈಗೆ ಬಂದದ್ದೇ ಎದ್ದು ಅಡಿಗೆಮನೆಗೆ ಹೋದಳು.

"ಮಾಮಿ, ತಾಟ ಹಾಕ್ರಿ. ಹೊತ್ತ ಮುಳಗಾಕತ್ತೈತಿ."

ಕರೆ ತಡವಾಗಲೆಂದು ಹಿಂದೆಯೇ ತಮ್ಮ ಓಡಿದ. "ಅವ್ವಾ, ಇನ್ನ ನಾಕ ರೊಟ್ಟಿ ಬಡಿ. ನನಗ ಭಾಳ ಹಸಿವ್ಯಾಗೈತಿ."

"ದಿನಾ ಕರದ ಕರದ ನನ್ನ ಗಂಟಲ ಬತ್ತತೈತಿ," ಅಂದಳು ಅವ್ವ. "ಇವತ್ತ ಇಬ್ರೂ ಒಲಿ ಮುಂದ ನಿಂತೀರಿ. ಏನ ಕಾರಸ್ಥಾನ ನಡಸೀರಿ?"

ಉತ್ತರಕ್ಕೆ ಕಾಯದೆ ತಾಟು ಹಾಕಿ, ನನ್ನನ್ನೂ ಕರೆದುಬಿಟ್ಟಳು. ಕೋಷ್ಟಕದಲ್ಲಿ ಮೊದಲ ಹೆಸರು ಬಿತ್ತು.

ಮರುದಿನ ಅವಳು ರಟ್ಟನ್ನು ಕಂಕುಳಲ್ಲಿ ಹಿಡಿದು ಮೋಟಾರು ಹತ್ತುವಾಗ ನೋಡಿದೆ: 'ಕರೆಂಟು ಹೋಯಿತು' ಎಂಬ ಎರಡು ಮನೆಗಳಿಗೆ ಇದ್ದಲಿ ಬಳಿದಿದ್ದಳು.

"ಇದನ್ಯಾಕ ಅಳಸಿದಿ?"

"ನಮ್ಮವ್ವ ನಿಮ್ಮವ್ವಗಿಂತ ಲಗೂ ಊಟಕ್ಕ ಕರೀತಾಳ," ಅಂದಳು.