ಬೀದಿಗೆ ಕಾಣುವ ದೀಪ

ಮನೆಯ ಮುಂದೆ ದೀಪದ ಸರ ಇಳಿಬಿಟ್ಟವನಿಗೆ ಅದರ ಅಂದ ಕಾಣುವುದಿಲ್ಲ ಎಂಬ ಅತ್ಯಲ್ಪ ಸತ್ಯವನ್ನು ನಾನು ಪ್ರತಿ ದೀಪಾವಳಿಗೂ ಹೊಸದಾಗಿ ಕಂಡುಕೊಳ್ಳುತ್ತೇನೆ. ಸ್ಟೂಲು ಹತ್ತಿ, ಸೊಂಟ ಹಿಡಿಸಿಕೊಂಡು, ಹೋದ ವರ್ಷ ಇಲಿ ಕಡಿದ ತಂತಿಗೆ ಟೇಪು ಸುತ್ತಿ, ನಡುನಡುವೆ ಹೆಂಡತಿಯ ಸಲಹೆ ಸೂಚನೆಗಳನ್ನು ಶಿರಸಾವಹಿಸಿ ಎಲ್ಲ ಮುಗಿಸಿದ ಮೇಲೆ ಬಾಲ್ಕನಿಯಲ್ಲಿ ನಿಂತರೆ ಕಾಣುವುದು ಬಲ್ಬುಗಳ ಬೆನ್ನು ಮಾತ್ರ. ನಮ್ಮ ದೀಪವನ್ನು ಸವಿಯುವವರು ಎದುರು ಮನೆಯವರು. ಅವರದನ್ನು ಸವಿಯುವವರು ನಾವು. ಇಂಥ ನಿಸ್ವಾರ್ಥ ವ್ಯವಸ್ಥೆ ನಮ್ಮ ನಡುವೆ ಬೇರೆ ಯಾವುದಾದರೂ ಉಳಿದಿದೆಯೇ ಎಂದು ನೀವೇ ಯೋಚಿಸಿ ನೋಡಿ. ಸ್ವಂತದ್ದನ್ನು ನೋಡಲೇಬೇಕೆಂದರೆ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿಯಬೇಕು, ಪರಕೀಯನ ಹಾಗೆ ಕತ್ತೆತ್ತಿ ನಿಲ್ಲಬೇಕು.

ಈ ಬೀದಿಗಿಳಿಯುವ ಕಲೆಯನ್ನು ನನಗೆ ಕಲಿಸಿದವರು ನನ್ನ ಭಾವ. ನಾವು ಬಾಗಲಕೋಟೆ ಕಡೆಯವರು. ಬ್ಯಾಂಕಿನ ವರ್ಗಾವಣೆ ನನ್ನನ್ನು ನಾಸಿಕಕ್ಕೆ ತಂದು ಹಾಕುವ ಎಷ್ಟೋ ಮೊದಲೇ ಕೇಂದ್ರ ಸರ್ಕಾರದ ಆಡಿಟ್ ಕೆಲಸ ಅವರನ್ನೂ ನನ್ನ ಅಕ್ಕನನ್ನೂ ಸಂಭಾಜಿನಗರದಲ್ಲಿ ನೆಲೆಗೊಳಿಸಿತ್ತು. ಅವರಿಗೆ ಮಕ್ಕಳಿಲ್ಲ. ಹೀಗಾಗಿ ದೀಪಾವಳಿಯನ್ನು ಒಂದು ವರ್ಷ ನಮ್ಮಲ್ಲಿ, ಒಂದು ವರ್ಷ ಅವರಲ್ಲಿ ಮಾಡುವುದೆಂದು ಎರಡು ಮನೆಯವರೂ ಒಪ್ಪಿಕೊಂಡಿದ್ದೆವು. ಸಂಜೆ ಚಕ್ಕಲಿ, ಶಂಕರಪೋಳಿ ತಿಂದು ಹೊಟ್ಟೆ ಭಾರವಾದ ಮೇಲೆ ಭಾವ ಕಾರು ತೆಗೆಯುವರು. ಮೊದಲ ಗೇರಿನಲ್ಲೇ, ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸೋಲುವಷ್ಟು ನಿಧಾನವಾಗಿ, ಸುತ್ತಲಿನ ಬೀದಿಗಳನ್ನೆಲ್ಲ ತೋರಿಸಿಕೊಂಡು ಬರುವರು. ಪ್ರತಿ ಬಾಲ್ಕನಿಯ ಬಗ್ಗೆಯೂ ಅವರ ಷರಾ ಇರುತ್ತಿತ್ತು. ಈ ಮನೆಯದು ದುಂದುವೆಚ್ಚ, ಆ ಮನೆಯದು ಸಮಾಧಾನಕರ, ಮೂಲೆಯ ಬಂಗಲೆಯವರು ವಿವರಣೆ ನೀಡತಕ್ಕದ್ದು. ಇಡೀ ದಿನ ತಪ್ಪು ಹುಡುಕುವ ಕಸುಬಿನ ಮನುಷ್ಯ ಹಬ್ಬದ ದಿನವಾದರೂ ಸುಮ್ಮನಿರಬಾರದೇ ಎಂದು ಅಕ್ಕ ಹಿಂದಿನ ಸೀಟಿನಿಂದ ರೇಗುವಳು. ರೇಗುತ್ತಲೇ ನಗುವಳು.

ಈ ಸಲದ ಮಳೆಗಾಲದಲ್ಲಿ ಭಾವ ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಾಗಿಲು ತೆರೆಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಶಕ್ತಿಯಿಲ್ಲ. ನಾಸಿಕಕ್ಕೆ ಬಂದುಬಿಡು ಎಂದು ಅಕ್ಕನನ್ನು ಬೇಡಿಕೊಂಡೆ. ವರ್ಷಾಂತಿಕ ಆಗುವ ತನಕ ಅವರ ಮನೆ ಬಿಟ್ಟು ಕದಲುವುದಿಲ್ಲ ಎಂದಳು. ಹೊರಗೆ ಬರುವುದನ್ನೂ ಬಿಟ್ಟಳು. ತರಕಾರಿಯನ್ನು ಕೂಡ ಬಾಗಿಲಿಗೇ ತರಿಸಿಕೊಳ್ಳುತ್ತಿದ್ದಳು. ಅವಳ ಮನಸ್ಸಿನಲ್ಲಿ ಒಂದೇ ಭಯ ಬೇರುಬಿಟ್ಟಿತ್ತು: ತನ್ನ ಮನೆಯ ಸಾವಿನ ನೆರಳು ಮಂದಿಯ ಮನೆಯ ಮೇಲೆ ಬೀಳಬಾರದು. ಅನಿವಾರ್ಯವಾಗಿ ಹೊರಟಾಗಲೂ ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಅವಳು ಹತ್ತುತ್ತಿರಲಿಲ್ಲವಂತೆ. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಸಾವಾದ ವರ್ಷ ಆ ಮನೆಗೆ ಹಬ್ಬವಿಲ್ಲ. ಹಣತೆ, ಆಕಾಶಬುಟ್ಟಿ, ದೀಪದ ಸರ ಯಾವುದೂ ಇಲ್ಲ. ಭಾವನ ಸಾವಿನ ವರ್ಷ ನನ್ನ ಮನೆಗೆ ಅಂಟುವುದಿಲ್ಲ; ನಾನು ಧಾರಾಳವಾಗಿ ಝಗಮಗಿಸಬಹುದು. ಆದರೂ ಈ ಸಲ ಸ್ಟೂಲು ಹತ್ತಲು ಮನಸ್ಸಾಗದೆ ಒಂದೇ ಒಂದು ಆಕಾಶಬುಟ್ಟಿ ತೂಗುಹಾಕಿ, ಪಾಡ್ಯದ ದಿನ ಬೆಳಿಗ್ಗೆ ಒಬ್ಬನೇ ಸಂಭಾಜಿನಗರದ ದಾರಿ ಹಿಡಿದೆ. ಆ ದಿನವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಇಲ್ಲಿಯವರಿಗೆ ಅದು ಪಾಡವಾ. ಹೆಂಡತಿ ಗಂಡನಿಗೆ ಆರತಿ ಎತ್ತುವ ದಿನ. ಇಷ್ಟು ವರ್ಷ ಈ ನೆಲದಲ್ಲಿದ್ದು ಅಕ್ಕನೂ ಅದನ್ನು ತನ್ನದಾಗಿಸಿಕೊಂಡಿದ್ದಳು. ಆ ದಿನ ಅವಳು ಒಬ್ಬಳೇ ಇರಬಾರದು ಎಂದು ನನ್ನ ಹೆಂಡತಿಯೇ ನಸುಕಿನಲ್ಲಿ ನನಗೆ ಆರತಿ ಮುಗಿಸಿ, ಬುತ್ತಿ ಕಟ್ಟಿ ಕಳಿಸಿದಳು.

ಮಧ್ಯಾಹ್ನ ತಲುಪಿದಾಗ ಅಕ್ಕನ ಟೇಬಲ್ಲಿನ ಮೇಲೆ ಡಬ್ಬಿಗಳ ಸಾಲು. ಹಬ್ಬವಿಲ್ಲದ ಮನೆಗೆ ನೆರೆಯವರು ಫರಾಳದ ತಿಂಡಿ ಕಳಿಸುವುದು ಇಲ್ಲಿಯ ರೂಢಿ. ಅವಳು ಒಂದನ್ನೂ ತೆರೆದಿರಲಿಲ್ಲ. ಬಾಲ್ಕನಿಯ ಬಾಗಿಲಿಗೆ ಪರದೆ ಎಳೆದಿತ್ತು. ಹಬ್ಬ ಶುರುವಾದಾಗಿನಿಂದ ತೆಗೆದಿಲ್ಲವೆಂದಳು. ಸಂಜೆಯಾಗುತ್ತ ಬಂದಂತೆ ನಾನು ಭಾವನ ಕಾರಿನ ಕೀಲಿ ಕೈಗೆತ್ತಿಕೊಂಡೆ. ದೀಪ ನೋಡಲಿಕ್ಕೆ ಹೋಗಿಬರೋಣ ಎಂದಾಗ ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಆದರೂ ಪಟ್ಟು ಬಿಡದೆ, ಶಾಸ್ತ್ರ ಓದದಿದ್ದರೂ ಶಾಸ್ತ್ರಿಯಾಗಿ, "ದೀಪಾ ಹಚ್ಚಬಾರದು ಅಂತ ಅದ ಅಕ್ಕಾ, ನೋಡಬಾರದು ಅಂತ ಎಲ್ಲೂ ಇಲ್ಲ" ಎಂದೆ. ಮೇಲೆ ಇನ್ನೊಂದು ಮಾತು ಸೇರಿಸಿದೆ: "ನಿನ್ನಿಂದ ಯಾರ ಹಬ್ಬಾನೂ ನಿಂತಿಲ್ಲ." ಆ ಮಾತಿಗೆ ಅವಳ ಮುಖ ಸ್ವಲ್ಪ ಸಡಿಲವಾಯಿತು. ಎದ್ದು ಚಪ್ಪಲಿ ಹುಡುಕಿದಳು.

ನಾವು ಹೊರಟಾಗ ಬೆಳಕು ಇನ್ನೂ ಆರಿರಲಿಲ್ಲ, ಅಕ್ಕನ ಕಟ್ಟಡದ ದೀಪಗಳನ್ನು ಹಾಕಿರಲಿಲ್ಲ. ಬೀದಿಯಿಂದ ಬೀದಿಗೆ ಹೋದಂತೆ ಕತ್ತಲು ಇಳಿಯಿತು, ಮನೆಗಳು ಹೊತ್ತಿಕೊಂಡವು. ನಾನೂ ಮೊದಲ ಗೇರಿನಲ್ಲೇ ನಡೆಸಿದೆ. ಷರಾ ಬರೆಯುವ ಅಧಿಕಾರಿ ಇಲ್ಲದ ಕಾರಿನಲ್ಲಿ ದೀಪಗಳೆಲ್ಲ ಸುಮ್ಮನೆ ಹಿಂದೆ ಸರಿದವು. ಒಮ್ಮೆ, ಅತಿಯಾಗಿ ಅಲಂಕರಿಸಿದ ಬಂಗಲೆಯೊಂದರ ಮುಂದೆ, "ಇದನ್ನ ಅವ್ರು ಸುಮ್ಮನ ಬಿಡತಿದ್ದಿಲ್ಲ" ಎಂದಳು ಅಕ್ಕ. ಅಷ್ಟೇ. ನನಗೆ ಮಾತ್ರ ನನ್ನ ಉಪಾಯ ಫಲಿಸಿತೆಂಬ ಮೂರ್ಖ ಸಂತೋಷವಾಯಿತು.

ಮರಳಿ ಬಂದು ಅವಳ ಕಟ್ಟಡದ ಎದುರು ತಿರುಗುವಾಗ ಅಕ್ಕ ಕಾರು ನಿಲ್ಲಿಸು ಎಂದಳು. ಆ ಕಟ್ಟಡಕ್ಕೆ ತಾರಸಿಯಿಂದ ನೆಲದವರೆಗೆ ಸರಗಳನ್ನು ಇಳಿಬಿಡುವ ಪದ್ಧತಿ. ಒಂದೊಂದು ಸಾಲಿನ ಬಾಲ್ಕನಿಗಳಿಗೆಲ್ಲ ಒಂದೊಂದೇ ಸರ. ನೀಲಿ ಬೆಳಕು ಮೇಲಿನಿಂದ ನೀರಿನಂತೆ ಸುರಿಯುತ್ತಿತ್ತು. ನಡುವಿನ ಒಂದು ಸಾಲು ಮಾತ್ರ ಅಡಿಯಿಂದ ಮುಡಿಯವರೆಗೆ ಕಪ್ಪಗಿತ್ತು. ಅಕ್ಕನ ಮನೆಯಿದ್ದುದು ಆ ಸಾಲಿನಲ್ಲಿ. ಅವಳ ಮನೆಯ ಮುಂದೆ ದೀಪ ಉರಿಯಬಾರದೆಂದು ಕಟ್ಟಡದ ಸೊಸೈಟಿಯವರು ಆ ಸಾಲಿನ ಸರವನ್ನೇ ಆರಿಸಿದ್ದರು. ಒಂದು ಮನೆಯ ಸಾವಿಗೆ ಮೇಲಿನವರೂ ಕೆಳಗಿನವರೂ ಹಬ್ಬವೆಲ್ಲ ಕತ್ತಲಲ್ಲಿ ಕೂತಿದ್ದರು. ಅವಳಿಗೆ ಒಬ್ಬರೂ ಹೇಳಿರಲಿಲ್ಲ.

"ಮ್ಯಾಲಿನವರ ಮಗಳದು ಇದು ಮೊದಲನೇ ದೀಪಾವಳಿ" ಎಂದಳು ಅಕ್ಕ. "ಅಳಿಯಾ ಬಂದಾನ."

ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದಳು. ತನ್ನ ಮನೆ ದಾಟಿ ಮೇಲಿನವರ ಬಾಗಿಲಿಗೇ ಹೋದಳು. ಹೊಸ್ತಿಲು ಮಾತ್ರ ದಾಟಲಿಲ್ಲ. ಆ ಮನೆಯಾಕೆ ಇವಳ ಕೈ ಹಿಡಿದುಕೊಂಡು, ಕಾಕೂ, ಹಬ್ಬ ಮುಂದಿನ ವರ್ಷವೂ ಬರುತ್ತದೆ, ಕಾಕಾ ನಮಗೇನು ಪರಕೀಯರೇ ಎಂದು ಮರಾಠಿಯಲ್ಲಿ ಹೇಳುತ್ತ ಅತ್ತರು. ಹಿಂದೆ ಹೊಸ ಸೀರೆಯ ಮಗಳು ತಲೆತಗ್ಗಿಸಿ ನಿಂತಿದ್ದಳು. ಅಕ್ಕ ಅಳಲಿಲ್ಲ. ಸರ ಹಾಕಿಸುವ ತನಕ ಇಲ್ಲಿಂದ ಕದಲುವುದಿಲ್ಲ ಎಂದಳು. ಸೊಸೈಟಿಯ ಸೆಕ್ರೆಟರಿ ಬಂದರು. ನಿಮ್ಮ ಬಾಲ್ಕನಿಯ ಮೇಲೂ ಬೆಳಕು ಬೀಳುತ್ತದಲ್ಲ, ನಿಮ್ಮಲ್ಲಿ ನಡೆಯುತ್ತದೆಯೇ ಎಂದು ಸಂಕೋಚದಿಂದ ಕೇಳಿದರು. ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಡೆಯುತ್ತದೆ ಎಂದಳು.

ಮನೆಯ ಬಾಗಿಲು ತೆರೆದಾಗ ಪರದೆಯನ್ನು ದಾಟಿ ನೀಲಿ ಬೆಳಕು ಪಡಸಾಲೆಯ ತುಂಬ ಮಿನುಗುತ್ತಿತ್ತು. ಡಬ್ಬಿಗಳ ಮೇಲೆ, ಭಾವನ ಖಾಲಿ ಕುರ್ಚಿಯ ಮೇಲೆ. ಅಕ್ಕ ಕಣ್ಣು ಕೆಳಗೆ ಮಾಡಿ ಅದನ್ನು ದಾಟಿ ಹೋಗಿ ಅಡಿಗೆಮನೆಯ ನೆಲದ ಮೇಲೆ ಕೂತಳು. ಇಡೀ ಮನೆಯಲ್ಲಿ ಬೆಳಕು ತಲುಪದ ಜಾಗ ಅದೊಂದೇ. ನಾನೂ ಅವಳ ಪಕ್ಕ ಕೂತೆ. ಮೇಲಿನ ಮನೆಯಿಂದ ಯಾರೋ ನಕ್ಕಿದ್ದು ಕೇಳಿಸಿತು, ಆಮೇಲೆ ಆರತಿಯ ಗಂಟೆ.

"ಕೆಳಗ ಹೋಗಿ ನೋಡಿ ಬಾ" ಎಂದಳು. "ಹೆಂಗ ಕಾಣ್ತದ ಹೇಳು."

ಬೀದಿಗಿಳಿದು ಎದುರು ಬದಿಯಲ್ಲಿ ನಿಂತು ಕತ್ತೆತ್ತಿದೆ. ಕಪ್ಪು ಸಾಲು ಇರಲಿಲ್ಲ. ಕಟ್ಟಡವೆಲ್ಲ ಒಂದೇ ಸಮನೆ ಬೆಳಗುತ್ತಿತ್ತು. ಅಕ್ಕನ ಮನೆ ಯಾವುದೆಂದು ಕೆಳಗಿನಿಂದ ಎಣಿಸಿಕೊಂಡು ಹೋಗದೆ ನನಗೇ ಗುರುತು ಹತ್ತಲಿಲ್ಲ. ಕಾರೊಂದು ನಿಧಾನವಾಯಿತು, ಒಳಗಿನವರು ಬಗ್ಗಿ ನೋಡಿ, ಮೆಚ್ಚಿಕೊಂಡು ಮುಂದೆ ಹೋದರು.

ಮರಳಿ ಬಂದು, ಛಲೋ ಕಾಣುತ್ತದೆ ಎಂದೆ.

"ಎಲ್ಲಾರ ಮನೀಹಂಗನ?"

"ಹೂಂ ಅಕ್ಕಾ. ಎಲ್ಲಾರ ಮನೀಹಂಗನ."

"ಹಂಗಾರ ಹೊರಗಿನವರಿಗೆ ಅವ್ರು ಇನ್ನೂ ಇದ್ದಂಗನ" ಎಂದಳು. ನಾನು ಅಡಿಗೆಮನೆಯ ದೀಪ ಹಾಕಲು ಕೈ ಎತ್ತಿದೆ. ಬ್ಯಾಡ ಎಂದಳು.